ಐಸೀ ತುಂಬಿಟ್ಟ ಜಾಡಿಗಳು

"ನೋಡ್ರಪ್ಪೋ, ಎಲ್ಲರೂ ಬಂದು ನೋಡ್ರಿ! ಐಸೀ ಹೊಟ್ಟೇಲಿ ಹುಟ್ಟಿದ ಮಗ ಅವಳ ಸಮಾಧಿ ಮುಂದೇನೇ ಅಂಗಡಿ ಡಬ್ಬಿಯ ಹುರುಳಿಕಾಯಿ ತಂದಿಟ್ಟಿದಾನೆ!"

ಬರ್ಲ್ ಮಾಮನ ಗಂಟಲು ಮೊದಲೇ ದೊಡ್ಡದು. ಗುಡ್ಡದ ಮೇಲಿನ ಸ್ಮಶಾನದಲ್ಲಿ, ಓಕ್ ಮರಗಳ ಕೆಳಗೆ ಹಲಗೆ ಜೋಡಿಸಿ ಮಾಡಿದ ಊಟದ ಮೇಜಿನ ಈ ತುದಿಯಿಂದ ಆ ತುದಿಯವರೆಗೂ ಆ ಮಾತು ಕೇಳಿಸಿತು. ಕೆಂಟಕಿಯ ಸ್ಲೇಟ್ ಲಿಕ್ ಕಣಿವೆಯ ಜನ ವರ್ಷಕ್ಕೊಂದು ಭಾನುವಾರ ಹಿರಿಯರ ಸಮಾಧಿಗಳ ಕಳೆ ಕಿತ್ತು, ಹೂವಿಟ್ಟು, ಅಲ್ಲೇ ಒಟ್ಟಿಗೆ ಕೂತು ಉಣ್ಣುವ ದಿನ ಅದು. ಯಾರ ಮನೆಯಿಂದ ಏನು ಬಂದಿದೆ ಎಂದು ಪಾತ್ರೆಯ ಮುಚ್ಚಳ ಎತ್ತಿ ನೋಡುವುದು, ಆಡಿಕೊಳ್ಳುವುದು ಅಲ್ಲಿ ಹೊಸದೇನಲ್ಲ. ಆದರೆ ಐಸೀ ಮಣ್ಣಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಮೇಲಿನ ಮಣ್ಣು ಇನ್ನೂ ಉಬ್ಬಿಕೊಂಡೇ ಇತ್ತು.

"ಹೆಂಡತಿ ಪೇಟೆಯವಳಲ್ವಾ," ಮಾಮ ಬಿಡಲಿಲ್ಲ. "ಅವಳಿಗೆ ಡಬ್ಬಿ ಕೊಯ್ಯೋದೊಂದು ಗೊತ್ತು. ಇವನಿಗೆ ಅವಳು ಸುರಿದಿದ್ದು ತಿನ್ನೋದೊಂದು ಗೊತ್ತು."

ಜನ ನಕ್ಕರು. ಐಸೀಯ ಸೊಸೆ ರೊವೀನಾ ತನ್ನ ಪುಟ್ಟ ಮಗಳು ಡೆಲ್ಫಿಯ ಕೈ ಹಿಡಿದು ಹುಲ್ಲು ನೋಡುತ್ತ ನಿಂತಳು. ಅವಳ ಗಂಡ ಎಸ್ಟಿಲ್‌ನ ಕಿವಿ ಕಾದ ಬಾಣಲೆಯಂತಾಯಿತು. ಹಿತ್ತಿಲ ಬಳ್ಳಿಯಲ್ಲಿ ಕಾಯಿ ಇನ್ನೂ ಬಲಿತಿಲ್ಲ, ಅದಕ್ಕೇ ಅಂಗಡಿಯದು ತಂದೆವು ಎಂದು ಹೇಳಬಹುದಿತ್ತು. ಆದರೆ ಅವನ ಬಾಯಿಂದ ಬಂದಿದ್ದೇ ಬೇರೆ.

"ಮುಂದಿನ ಭಾನುವಾರ ಎಲ್ಲರೂ ನಮ್ಮನೆಗೆ ಊಟಕ್ಕೆ ಬನ್ನಿ ಮಾಮ. ಅಮ್ಮನ ಕೈಯ ಹುರುಳಿಕಾಯೇ ಬಡಿಸ್ತೀನಿ. ಅವಳು ತುಂಬಿಟ್ಟ ಕೊನೇ ಜಾಡಿಗಳು ನನ್ನ ಹತ್ರಾನೇ ಇವೆ."

ನಗು ನಿಂತಿತು. ಐಸೀಯ ತಂಗಿ ನರ್ವಾ ಚಿಕ್ಕಮ್ಮ ಕೈಯಲ್ಲಿದ್ದ ಮೆಕ್ಕೆಜೋಳದ ರೊಟ್ಟಿಯನ್ನು ಹಾಗೇ ಕೆಳಗಿಟ್ಟಳು. "ಅಕ್ಕಂದಾ? ಇನ್ನೂ ಉಳಿದಿವೆಯೇನೋ?" ಎಂದಳು. ಅವಳ ಕಣ್ಣು ತುಂಬಿತ್ತು.

ಉಳಿದಿದ್ದವು. ಮನೆಯ ಹಿಂದಿನ ಗುಡ್ಡಕ್ಕೆ ಕೊರೆದ ನೆಲಮನೆಯಲ್ಲಿ, ಕೊನೆಯ ಅಟ್ಟಣಿಗೆಯ ಮೇಲೆ ಆ ಗಾಜಿನ ಜಾಡಿಗಳು ಸಾಲಾಗಿ ಕೂತಿದ್ದವು. ಎಸ್ಟಿಲ್ ಅವುಗಳಲ್ಲಿ ಒಂದನ್ನೂ ತೆರೆದಿರಲಿಲ್ಲ. ಮರದ ಮಿಲ್ಲಿನಿಂದ ಬಂದವನು ಮೈಮೇಲಿನ ಹೊಟ್ಟು ಕೂಡ ಕೊಡವದೆ ಸೀದಾ ಅಲ್ಲಿಗೇ ಹೋಗುತ್ತಿದ್ದ. ಬಾಗಿಲು ತೆರೆದರೆ ಸಂಜೆಯ ಬಿಸಿಲು ತೆಳ್ಳಗೆ ಒಳಗೆ ಇಳಿದು ಜಾಡಿಗಳನ್ನು ಹಾಯ್ದು ಎದುರಿನ ಮಣ್ಣಿನ ಗೋಡೆಯ ಮೇಲೆ ಹಸಿರಾಗಿ ಅಲ್ಲಾಡುತ್ತಿತ್ತು. ಆಲೂಗಡ್ಡೆಯ ವಾಸನೆ, ಒದ್ದೆ ಕಲ್ಲಿನ ವಾಸನೆ. ಹೊಳೆಯ ತಳದಲ್ಲಿ ಕೂತಂತೆ ಅವನು ಅಲ್ಲಿ ಕೂರುತ್ತಿದ್ದ. ಕಣ್ಣು ಅರೆ ಮುಚ್ಚಿದರೆ ಅಂಗಳದಲ್ಲಿ ಬೆಂಕಿ ಉರಿಯುತ್ತಿತ್ತು. ಅದರ ಮೇಲೆ ಬಟ್ಟೆ ಒಗೆಯುವ ದೊಡ್ಡ ತಗಡಿನ ಹಂಡೆ. ಜಾಡಿಗಳು ಒಂದಕ್ಕೊಂದು ತಾಗದಿರಲಿ ಎಂದು ನಡುನಡುವೆ ಹಳೆಯ ರಜಾಯಿಯ ಚೂರುಗಳು. ಆವಿಯೊಳಗೆ ಅಮ್ಮ, ಸೊಂಟದವರೆಗೆ ಕಾಣುತ್ತಿದ್ದಳು, ಅದರ ಮೇಲೆ ಬರಿಯ ಮೋಡ. ಮೋಡದೊಳಗಿಂದ ಮಾತು ಬರುತ್ತಿತ್ತು: "ಸೌದೆ ತಾರೋ, ಕುದಿ ನಿಂತೀತು!"

ಆ ಕೊನೆಯ ಸಾಲು ಮುಗಿದರೆ ಅಮ್ಮನ ಅಡುಗೆ ಈ ಭೂಮಿಯ ಮೇಲೆ ಮುಗಿದಂತೆ. ಅದಕ್ಕೇ ಅವನು ತೆರೆದಿರಲಿಲ್ಲ. ಈಗ ಎಲ್ಲರ ಮುಂದೆ ಮಾತು ಕೊಟ್ಟುಬಿಟ್ಟಿದ್ದ.

ಆ ವಾರ ಒಂದೆರಡು ಒಳ್ಳೆಯ ಮಳೆ ಬಿದ್ದು ಹಿತ್ತಿಲಿನ ಹುರುಳಿಕಾಯಿ ಒಮ್ಮೆಲೇ ಕೊಯ್ಲಿಗೆ ಬಂತು. ಹಿತ್ತಿಲು ರೊವೀನಾಳ ಕೈಯಲ್ಲಿತ್ತು. ಅವಳು ಶಾಲೆಯ ಬಸ್ಸು ಓಡಿಸುವವಳು; ಬೇಸಿಗೆಯಲ್ಲಿ ಶಾಲೆ ಮುಚ್ಚಿದರೆ ತೋಟವೇ ಅವಳ ಕೆಲಸ. ಮದುವೆಯಾಗಿ ಬಂದ ಹೊಸದರಲ್ಲಿ ಕಳೆ ಯಾವುದು ಸೊಪ್ಪು ಯಾವುದು ಗೊತ್ತಿರಲಿಲ್ಲ, ಅತ್ತೆಯ ಹಿಂದೆ ತಿರುಗಿ ಕಲಿತಳು. ಈಗ ಮೆಕ್ಕೆಜೋಳದ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬಿಸಿದ್ದಳು, ಅದರ ಬುಡಕ್ಕೆ ಕುಂಬಳ ಬಿಟ್ಟಿದ್ದಳು. ಅಡುಗೆಮನೆಯ ಸಿಪ್ಪೆಯೆಲ್ಲ ಮೂಲೆಯ ಗೊಬ್ಬರದ ಗುಂಡಿಗೆ, ಗುಂಡಿಯ ಗೊಬ್ಬರ ಟೊಮೇಟೊ ಬುಡಕ್ಕೆ. ಬೇಸಿಗೆಯಲ್ಲಿ ಹಿತ್ತಿಲು ಕೊಟ್ಟಿದ್ದನ್ನು ಚಳಿಗಾಲಕ್ಕೆ ಕೂಡಿಡದಿದ್ದರೆ ಆ ಕಣಿವೆಯಲ್ಲಿ ಸಂಸಾರ ಸಾಗುವುದಿಲ್ಲ. ಹಿಮ ಬಿದ್ದು ದಾರಿ ಮುಚ್ಚಿದಾಗ ನೆಲಮನೆಯೇ ಅಂಗಡಿ.

ಹುರುಳಿಕಾಯಿ ಬುಟ್ಟಿಗಳನ್ನು ಮುಂದಿಟ್ಟುಕೊಂಡು ಜಗಲಿಯ ತೂಗುಕುರ್ಚಿಯಲ್ಲಿ ಕೂತು ರೊವೀನಾ ನಾರು ತೆಗೆಯುತ್ತಿದ್ದಳು. ಪಕ್ಕದ ಮನೆಯ ಮೊಡೀನಕ್ಕನೂ ಬಂದಿದ್ದಳು. ಕೃಷಿ ಕಚೇರಿಯ ಅಡುಗೆಮನೆಯಲ್ಲಿ ಹೆಂಗಸರಿಗೆ ತರಕಾರಿ ಕೂಡಿಡುವುದನ್ನು ಹೇಳಿಕೊಡುವವಳು ಅವಳು. ಜಗಲಿಯ ಮೂಲೆಯಲ್ಲಿ ಅವಳು ಹೊತ್ತು ತಂದ ದೊಡ್ಡ ಪ್ರೆಶರ್ ಕುಕ್ಕರ್ ಕೂತಿತ್ತು. ಜಾಡಿಗಳನ್ನೇ ಒಳಗಿಟ್ಟು ಬೇಯಿಸುವಂಥದ್ದು, ನಡು ಬಳಸಿ ಎತ್ತಬೇಕಾದಷ್ಟು ದಪ್ಪ.

"ಈ ಬಾಂಬನ್ನ ಯಾಕೆ ತಂದ್ರಿ ಅಕ್ಕಾ?" ಎಂದ ಎಸ್ಟಿಲ್, ಮಿಲ್ಲಿನಿಂದ ಬಂದು ಮೆಟ್ಟಿಲ ಮೇಲೆ ಕೂರುತ್ತ. "ಅಮ್ಮನ ಹಂಡೆ ಇಲ್ವಾ?"

"ಬಾಂಬ್ ಅಂತೆ! ಸರಿಯಾಗಿ ನೋಡ್ಕೊಂಡ್ರೆ ಇದು ನಿನಗಿಂತ ಸಾಧು," ಎಂದಳು ಮೊಡೀನಕ್ಕ.

ಅವನಿಗೂ ನಗು ಬಂತು. ಭಾನುವಾರದ ಊಟದ ಮಾತು ತೆಗೆದ, ಅಮ್ಮನ ಜಾಡಿಗಳ ಮಾತು ತೆಗೆದ. ಮೊಡೀನಕ್ಕನ ಕೈ ನಾರು ಎಳೆಯುತ್ತಿದ್ದದ್ದು ಅರ್ಧಕ್ಕೇ ನಿಂತಿತು.

"ಐಸೀ ಯಾವುದರಲ್ಲಿ ಬೇಯಿಸಿದ್ಲು? ಹಂಡೇಲಾ?"

"ಇನ್ಯಾವುದರಲ್ಲಿ? ಅವಳು ಚಿಕ್ಕವಳಿದ್ದಾಗ ಅವಳ ಸೋದರತ್ತೆ ಮನೇಲಿ ಕುಕ್ಕರ್ ಸಿಡಿದು ಚಾವಣಿಗೆ ಹೊಡೀತಂತೆ. ಆಮೇಲೆ ಅದರ ಹತ್ರಾನೇ ಸುಳೀಲಿಲ್ಲ. ಹಂಡೇಲಿ ಮೂರು ಗಂಟೆ ಕುದಿಸೋಳು. ಕಡಿಮೆ ಏನಲ್ಲ."

"ಮೂರು ಗಂಟೆ ಯಾಕೆ, ಬೆಳಗಿಂದ ಸಂಜೆ ತನಕ ಕುದಿಸ್ಲಿ. ನೀರು ಕುದಿಯೋ ಬಿಸಿಗಿಂತ ಮೇಲೆ ಹೋಗಲ್ಲಪ್ಪ." ಮೊಡೀನಕ್ಕ ಬುಟ್ಟಿಯಿಂದ ಮಣ್ಣು ಮೆತ್ತಿದ ಒಂದು ಕಾಯಿ ಎತ್ತಿ ತೋರಿಸಿದಳು. "ಈ ಮಣ್ಣಲ್ಲಿ ಒಂದು ಕ್ರಿಮಿ ಇರತ್ತೆ. ನಿನ್ನ ಹಿತ್ತಿಲಲ್ಲೂ ಇದೆ, ನನ್ನ ಹಿತ್ತಿಲಲ್ಲೂ ಇದೆ. ಬೀಜದ ಥರ ಗಟ್ಟಿ ಸಿಪ್ಪೆ ಹೊದ್ದು ಮಲಗಿರತ್ತೆ. ಗಾಳಿ ಆಡೋ ಕಡೆ ಏಳಲ್ಲ. ಹಸಿಕಾಯಿ ತೊಳೆದು ಬೇಯಿಸಿ ಆಗಲೇ ತಿಂದ್ರೆ ಅದರಿಂದ ಏನೂ ಭಯ ಇಲ್ಲ. ಆದ್ರೆ ಹಂಡೇಲಿ ಕುದಿಸಿದಾಗ ಏನಾಗತ್ತೆ? ಬೇರೆ ಕ್ರಿಮಿ ಎಲ್ಲ ಸಾಯ್ತವೆ, ಇದು ಸಾಯಲ್ಲ. ಜಾಡಿಯೊಳಗಿನ ಗಾಳಿ ಹೋಗತ್ತೆ, ಮುಚ್ಚಳ ಬಿಗಿಯತ್ತೆ. ಅದಕ್ಕೆ ನಾವೇ ಒಳ್ಳೇ ಮನೆ ಕಟ್ಟಿಕೊಟ್ಟ ಹಾಗಾಯ್ತು. ಒಳಗೆ ಎದ್ದು ಕೂತು ವಿಷ ಬಿಡತ್ತೆ."

"ಕೆಟ್ಟಿದ್ರೆ ವಾಸನೆ ಬರಲ್ವಾ? ನಮಗೇನು ಮೂಗಿಲ್ವಾ?"

"ಬರಲೇಬೇಕು ಅಂತಿಲ್ಲ. ಬಣ್ಣ ಹಾಗೇ ಇರಬಹುದು, ರುಚಿ ಹಾಗೇ ಇರಬಹುದು. ನಮ್ಮ ಲೊಂಜೊ ಭಾವ ಒಂದಿನ ಬೆಳಿಗ್ಗೆ ಕಾಫಿ ಕುಡಿಯೋಕೆ ಕೂತವರು, ಎರಡೆರಡು ಲೋಟ ಯಾಕೆ ಇಟ್ಟಿದೀರಿ ಅಂದ್ರು. ಇದ್ದಿದ್ದು ಒಂದೇ ಲೋಟ. ರಾತ್ರಿ ಕುಡಿದಿದ್ದು ಇನ್ನೂ ಇಳಿದಿಲ್ಲ ಅಂತ ಎಲ್ಲರೂ ನಕ್ವಿ. ನಾನೂ ನಕ್ಕೆ. ಮಧ್ಯಾಹ್ನಕ್ಕೆ ರೆಪ್ಪೆ ಜೋತುಬಿತ್ತು, ನಾಲಿಗೆ ತೊದಲಿತು. ಸಂಜೆಗೆ ನೀರು ನುಂಗೋಕಾಗ್ಲಿಲ್ಲ. ಆಸ್ಪತ್ರೇಲಿ ಮದ್ದು ಸಿಕ್ತು, ಉಳಿದ್ರು. ಆದ್ರೆ ತಿಂಗಳುಗಟ್ಟಲೆ ಅವರ ಉಸಿರನ್ನ ಒಂದು ಯಂತ್ರ ಆಡಿಸ್ತಿತ್ತು. ಮನೇಲೇ ತುಂಬಿದ ಹುರುಳಿಕಾಯಿ ಅದು."

ರೊವೀನಾ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಟೊಮೇಟೊ?"

"ಅದು ಹುಳಿ. ಜಾಡಿಗೆ ಸ್ವಲ್ಪ ನಿಂಬೆರಸ ಸೇರಿಸಿ ಹಂಡೇಲೇ ಕುದಿಸಬಹುದು. ವಿನೆಗರ್ ಹಾಕಿದ ಉಪ್ಪಿನಕಾಯೀನೂ ಹಾಗೇ. ಹುಳಿ ಇರೋ ಕಡೆ ಆ ಕ್ರಿಮಿಯ ಆಟ ನಡೆಯಲ್ಲ. ಹುರುಳಿಕಾಯಿ, ಜೋಳ, ಆಲೂಗಡ್ಡೆ, ಕುಂಬಳ, ಮಾಂಸ, ಇವಕ್ಕೆ ಮಾತ್ರ ಈ ದೊಡ್ಡ ಕುಕ್ಕರೇ ಬೇಕು. ಒತ್ತಡದಲ್ಲಿ ಆವಿ ಕುದಿಯೋ ನೀರಿಗಿಂತ ಎಷ್ಟೋ ಜಾಸ್ತಿ ಬಿಸಿ ಆಗತ್ತೆ. ಆ ಬಿಸಿಗೇ ಅದು ಸಾಯೋದು. ನಮ್ಮಂಥ ಎತ್ತರದ ಜಾಗದಲ್ಲಿ ಒತ್ತಡ ಇನ್ನೂ ಸ್ವಲ್ಪ ಜಾಸ್ತಿ ಇಡಬೇಕು."

ಎಸ್ಟಿಲ್ ಎದ್ದು ನಿಂತ. "ಅಂದ್ರೆ ನಮ್ಮಮ್ಮ ಇಷ್ಟು ವರ್ಷ ನಮಗೆ ವಿಷ ಬಡಿಸಿದ್ಲು ಅಂತೀರಿ. ನಾನು ಸತ್ತಿಲ್ಲ ನೋಡಿ. ಎದುರಿಗೇ ನಿಂತಿದೀನಿ."

"ನಾನು ಹಂಡೆ ಬಗ್ಗೆ ಹೇಳಿದ್ದು ಕಣೋ. ನನಗೆ ಹುರುಳಿಕಾಯಿ ನಾರು ತೆಗೆಯೋದು ಕಲಿಸಿದೋಳೇ ನಿಮ್ಮಮ್ಮ. ಪ್ರತಿ ಜಾಡೀಲೂ ವಿಷ ಆಗತ್ತೆ ಅಂತಲ್ಲ. ಯಾವುದರಲ್ಲಿ ಆಗತ್ತೆ ಅಂತ ಯಾರಿಗೂ ಗೊತ್ತಾಗಲ್ಲ. ಅವಳಿಗೂ ಗೊತ್ತಾಗ್ತಿರಲಿಲ್ಲ."

ಅವನು ನೆಲಮನೆಗೆ ಹೋಗಿ ಬಾಗಿಲೆಳೆದುಕೊಂಡ. ಸಂದಿಯಿಂದ ಒಂದು ಗೀಟು ಬೆಳಕು. ಒಂದು ಜಾಡಿ ಎತ್ತಿ ಅದಕ್ಕೆ ಹಿಡಿದ. ಒಂದೇ ಅಳತೆಗೆ ಮುರಿದ ಕಾಯಿಗಳು, ನಡುವೆ ತಿಳಿ ನೀರು. ತಿರುಗಿಸಿದರೆ ಎಲ್ಲವೂ ನಿದ್ದೆಯಲ್ಲಿ ಮಗ್ಗುಲಾದಂತೆ ನಿಧಾನವಾಗಿ ಹೊರಳಿದವು. ಕೊಳೆಯಾಗಲಿ ನೊರೆಯಾಗಲಿ ಇರಲಿಲ್ಲ, ಮುಚ್ಚಳ ಉಬ್ಬಿರಲಿಲ್ಲ. ಅವನು ವಿಷ ಹುಡುಕಿದ, ಅಮ್ಮ ಸಿಕ್ಕಳು. ಈ ಕಾಯಿ ಕೊಯ್ದ ದಿನ ಅವಳು ಹಳದಿ ಬಟ್ಟೆಯ ಟೊಪ್ಪಿಗೆ ಹಾಕಿದ್ದಳು. ಆವಿಯಲ್ಲಿ ಕರಗುತ್ತ, ಮತ್ತೆ ಮೂಡುತ್ತ, "ಈ ಸಲ ಚಳಿಗಾಲ ದೊಡ್ಡದು ಕಣೋ" ಎಂದಿದ್ದಳು. ಅವಳಿಗೆ ಮುಗಿಯದಷ್ಟು ದೊಡ್ಡದೇ ಆಯಿತು. ಜಾಡಿಯ ಗಾಜು ಅವನ ಅಂಗೈಯ ಬಿಸಿಗೆ ಬೆಚ್ಚಗಾಯಿತು, ಯಾರೋ ಕೈ ಹಿಡಿದಂತೆ. ಅಮ್ಮನೇ ಕೈ ಹಿಡಿದಿದ್ದರೆ ಏನು ಹೇಳುತ್ತಿದ್ದಳು ಎಂದು ಅವನಿಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಕಣಿವೆ ಮಂಜಿನಲ್ಲಿ ಮುಳುಗಿತ್ತು. ಜೋಳದ ಗಿಡಗಳ ತುದಿಗಳು ಮಾತ್ರ ಮೇಲೆ ತೇಲುತ್ತಿದ್ದವು. ಎಸ್ಟಿಲ್ ಜಾಡಿಗಳನ್ನೆಲ್ಲ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ರೊವೀನಾ ಹಿತ್ತಿಲಿನ ಹಸಿ ಹುರುಳಿಕಾಯಿಯನ್ನು ಉಪ್ಪು ಹಾಕಿದ ಹಂದಿಮಾಂಸದ ಚೂರಿನ ಜೊತೆ ಆಗಲೇ ಒಲೆಯ ಮೇಲಿಟ್ಟಿದ್ದಳು.

"ನಾನು ಮಾತು ಕೊಟ್ಟಿದೀನಿ," ಎಂದ ಅವನು.

"ಗೊತ್ತು. ನಾನೂ ಅಲ್ಲೇ ಇದ್ದೆ."

"ಮತ್ತೆ ನಗ್ತಾರೆ. ನಿನ್ನನ್ನೂ ಸೇರಿಸಿ."

"ನಗ್ಲಿ. ನಾನು ನಿನಗೆ ಅಡ್ಡ ಬರಲ್ಲ ಎಸ್ಟಿಲ್. ನಿಮ್ಮಮ್ಮ, ನಿನ್ನ ಜಾಡಿ, ನಿನ್ನ ಮಾತು." ಅವಳು ಸೌಟು ಕೆಳಗಿಟ್ಟಳು. "ಒಂದೇ ಕೇಳ್ತೀನಿ. ಮೊದಲ ಸೌಟು ಡೆಲ್ಫಿ ತಟ್ಟೆಗೆ ಹಾಕು. ನೀನೇ, ನಿನ್ನ ಕೈಯಾರೆ. ಅದಾದ ಮೇಲೆ ಊರಿಗೆಲ್ಲ ಬಡಿಸು."

ಡೆಲ್ಫಿ ಮೇಜಿನ ಕೆಳಗೆ ಕೂತು ಬುಟ್ಟಿಯೊಂದನ್ನು ಮಗುಚಿ ಅದರೊಳಗೆ ಹಾಡಿಕೊಳ್ಳುತ್ತಿದ್ದಳು. ಎಸ್ಟಿಲ್ ಒಂದು ಜಾಡಿಯ ಮುಚ್ಚಳದ ಮೇಲೆ ಕೈಯಿಟ್ಟ. ಮಗಳ ಚಿಕ್ಕ ತಟ್ಟೆ ಕಣ್ಣ ಮುಂದೆ ಬಂತು, ಅದರ ಮೇಲೆ ಹಬೆಯಾಡುವ ಹಸಿರು, ಬಾಯಿ ತೆರೆದು ಕಾಯುವ ಮಗು. ಅವನ ಕೈ ಮುಚ್ಚಳವನ್ನು ತಿರುಗಿಸಲಿಲ್ಲ. ಇನ್ನೊಮ್ಮೆ ಮನಸ್ಸಿಗೆ ತಂದುಕೊಂಡ, ಆಗಲೂ ಇಲ್ಲ. ಮಗಳಿಗೆ ಹಾಕಲಾರದ್ದನ್ನು ನರ್ವಾ ಚಿಕ್ಕಮ್ಮನಿಗೆ ಹೇಗೆ ಹಾಕುವುದು? ಬರ್ಲ್ ಮಾಮನಿಗೇ ಆದರೂ, ಹೇಗೆ?

ಇಂಥ ಜಾಡಿಗಳನ್ನು ಹೇಗೆ ಬಿಸಾಡಬೇಕು ಎಂದು ಮೊಡೀನಕ್ಕ ರೊವೀನಾಳಿಗೆ ಹೇಳಿಹೋಗಿದ್ದಳು; ಹಾಗೆಯೇ ಮಾಡಿದ. ಯಾವುದನ್ನೂ ತೆರೆಯಲಿಲ್ಲ, ಚರಂಡಿಗೆ ಸುರಿಯಲಿಲ್ಲ, ಕೋಳಿಗೆ ಹಾಕಲಿಲ್ಲ. ಕೈಗೆ ಗವಸು ಹಾಕಿಕೊಂಡು, ದಪ್ಪ ಕಸದ ಚೀಲವೊಂದರಲ್ಲಿ ಜಾಡಿಗಳನ್ನು ಒಂದೊಂದಾಗಿ ಇಳಿಸಿ, ಅದನ್ನು ಇನ್ನೊಂದು ಚೀಲದೊಳಗಿಟ್ಟು ಬಿಗಿದು ಕಟ್ಟಿ, ಊರಿನ ಕಸದ ಗುಂಡಿಗೆ ಒಯ್ಯಲು ಗಾಡಿಯ ಹಿಂದೆ ಇಟ್ಟು ಬೀಗ ಹಾಕಿದ. ಚೀಲಗಳ ಸುರುಳಿ ಜಗಲಿಯ ಮೇಲೆ ಉಳಿಯಿತು. ಅವನು ಮುಖ ತೊಳೆದುಕೊಂಡ, ಎರಡೆರಡು ಸಲ.

ಮಂಜು ಕರಗುವ ಹೊತ್ತಿಗೆ ಎಲ್ಲರೂ ಬಂದರು, ಮೊಡೀನಕ್ಕನೂ ಬಂದಳು. ಮೇಜು ತುಂಬಿತು: ಮೆಕ್ಕೆಜೋಳದ ರೊಟ್ಟಿ, ಹೆಚ್ಚಿದ ಟೊಮೇಟೊ, ಈರುಳ್ಳಿ, ಹುರಿದ ಕುಂಬಳ, ಹುರುಳಿಕಾಯಿ. ಬರ್ಲ್ ಮಾಮ ಒಂದು ಚಮಚ ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದ.

"ಇದು ಐಸೀದಲ್ಲ."

"ಅಲ್ಲ ಮಾಮ. ರೊವೀನಾ ಬೆಳೆದಿದ್ದು. ಇವತ್ತು ಬೆಳಿಗ್ಗೆ ಕೊಯ್ದಿದ್ದು."

"ಐಸೀದೆಲ್ಲಿ?"

"ಚೀಲದಲ್ಲಿ ಕಟ್ಟಿಟ್ಟಿದೀನಿ. ಬಿಸಾಕ್ತೀನಿ."

ಬರ್ಲ್ ಮಾಮ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಬಿಸಾಕ್ತೀಯಾ? ಹೆತ್ತೋಳ ಕೈಯನ್ನೇ ಕಸಕ್ಕೆ ಹಾಕ್ತೀಯೇನೋ, ಲೋ! ಈ ಪೇಟೆಯವಳು ಹೇಳಿಕೊಟ್ಟಳಾ?"

ಎಸ್ಟಿಲ್ ಜಗಳಕ್ಕೆ ಹೋಗಲಿಲ್ಲ. ಮೊಡೀನಕ್ಕನಿಂದ ಕೇಳಿದ್ದನ್ನೆಲ್ಲ ಹೇಳಿದ. ಅವನು ಬಿಟ್ಟಿದ್ದನ್ನು ಎರಡು ಕಡೆ ಮೊಡೀನಕ್ಕ ಸೇರಿಸಿದಳು.

"ತಿನ್ನೋ ಮುಂಚೆ ಇನ್ನೊಂದ್ಸಲ ಚೆನ್ನಾಗಿ ಕುದಿಸಿದ್ರೆ ವಿಷ ಹೋಗತ್ತಂತಲ್ಲ?" ನರ್ವಾ ಚಿಕ್ಕಮ್ಮ ಕೇಳಿದಳು. "ನಮ್ಮಮ್ಮ ಹಾಗಂತಿದ್ಲು."

"ಕುದಿಸಿದ್ರೆ ವಿಷ ಮುರಿಯತ್ತೆ, ನಿಜ," ಎಂದಳು ಮೊಡೀನಕ್ಕ. "ಆದ್ರೆ ಒಲೆ ಹತ್ರ ಉಪ್ಪು ನೋಡೋಕೆ ಅಂತ ಒಂದು ಚೂರು ಬಾಯಿಗೆ ಹಾಕ್ಕೊಳ್ಳದೋರು ಯಾರಿದಾರೆ ಹೇಳಿ? ಅಷ್ಟೇ ಸಾಕು. ತಪ್ಪು ರೀತೀಲಿ ತುಂಬಿದ ಜಾಡೀನ ತೆರೆಯೋದೇ ಬೇಡ."

ನರ್ವಾ ಚಿಕ್ಕಮ್ಮ ತನ್ನ ಕೈಗಳನ್ನು ನೋಡಿಕೊಂಡಳು. "ನನ್ನ ನೆಲಮನೇಲೂ ಇವೆ," ಎಂದಳು. "ಹೋದ್ವರ್ಷದ್ದು. ಹಂಡೇದೇ." ಮೇಜಿನ ಆ ಕಡೆಯಿಂದ ಇನ್ನೊಬ್ಬರು, "ನಮ್ಮನೇಲೂ" ಎಂದರು. ಆಮೇಲೆ, ಸ್ಮಶಾನದ ಆ ಭಾನುವಾರ ತಾನೂ ನಕ್ಕಿದ್ದ ಚಿಕ್ಕಮ್ಮ ಎದ್ದು ರೊವೀನಾಳ ಪಕ್ಕ ಹೋಗಿ ಕೂತು, "ಆ ಕುಕ್ಕರ್ ನನಗೂ ತೋರಿಸ್ತೀಯೇನಮ್ಮ? ಸಿಡಿಯಲ್ಲ ತಾನೇ?" ಎಂದಳು.

"ಮುಚ್ಚಳದ ರಬ್ಬರು, ಆವಿ ಹೋಗೋ ತೂತು ಎರಡನ್ನೂ ಮೊದಲು ನೋಡ್ಕೋಬೇಕು ಚಿಕ್ಕಮ್ಮ. ಒಲೆ ಆರಿಸಿದ ಮೇಲೆ ಒತ್ತಡ ತಾನಾಗೇ ಇಳಿಯೋ ತನಕ ಮುಟ್ಟಬಾರ್ದು. ಅವಸರ ಮಾಡಿದ್ರೇ ಅಪಾಯ. ನಾನು ಜೊತೇಲಿರ್ತೀನಿ," ಎಂದಳು ರೊವೀನಾ.

"ಹೆಂಗಸರ ಹೆದರಿಕೆ!" ಎಂದ ಬರ್ಲ್ ಮಾಮ. ಗಂಟಲು ಮಾತ್ರ ಮೊದಲಿನಷ್ಟು ದೊಡ್ಡದಾಗಿ ಬರಲಿಲ್ಲ. "ನಮ್ಮಜ್ಜಿ ಹೀಗೇ ಮಾಡಿದ್ಲು, ನಮ್ಮಮ್ಮ ಹೀಗೇ ಮಾಡಿದ್ಲು. ನನ್ನ ಮನೇಲಿ ಗೋಡೆ ತುಂಬ ಇವೆ. ಇವತ್ತು ಸಂಜೆಗೇ ಒಂದು ಒಡೆದು ತಿಂತೀನಿ, ನೋಡ್ತಿರಿ."

"ನೀವು ತಿಂತೀರಿ ಮಾಮ, ನನಗೆ ಗೊತ್ತು," ಎಂದ ಎಸ್ಟಿಲ್. "ಸಂಜೆ ನಿಮ್ಮ ಮೊಮ್ಮಕ್ಕಳೂ ಮನೇಲಿರ್ತಾರೆ. ಅವರ ತಟ್ಟೆಗೂ ಹಾಕ್ತೀರಾ?"

ಬರ್ಲ್ ಮಾಮ ಬಾಯಿ ತೆರೆದ.

ಓದುತ್ತಿರುವವರೇ, ಕೇಳುತ್ತಿರುವವರೇ, ಅವನು ಉತ್ತರ ಹುಡುಕುತ್ತಿರಲಿ. ಅಷ್ಟರಲ್ಲಿ ನಿಮ್ಮನ್ನೂ ಅದೇ ಮಾತು ಕೇಳಬೇಕಾಗಿದೆ. ನಿಮ್ಮ ಹಿತ್ತಿಲು ಕೊಟ್ಟಿದ್ದನ್ನು ನೀವೂ ಗಾಳಿಯಾಡದಂತೆ ಮುಚ್ಚಿಡುತ್ತೀರಲ್ಲ, ಹೇಗೆ ಬೇಯಿಸಿ ಮುಚ್ಚಿದಿರಿ? ಹಿರಿಯರು ಮಾಡಿದ್ದೆಲ್ಲ ಸರಿ ಎಂದು ಅವರಂತೂ ಹೇಳಿ ಹೋಗಿಲ್ಲ; ನಮ್ಮ ಸೋಮಾರಿತನಕ್ಕೆ ನಾವು ಅವರ ಹೆಸರು ಹಾಕುತ್ತಿದ್ದೇವೆ. ಇದುವರೆಗೆ ಯಾರೂ ಸತ್ತಿಲ್ಲ ಎಂಬುದು ಅಡುಗೆಯ ಕ್ರಮವೇ ಅಲ್ಲ! ಹುಳಿಯಿಲ್ಲದ ತರಕಾರಿ, ಕಾಳು, ಮಾಂಸವನ್ನು ಜಾಡಿಗೆ ತುಂಬಿ ಕೂಡಿಡುವುದಾದರೆ ಅದಕ್ಕೆಂದೇ ಮಾಡಿದ ದೊಡ್ಡ ಪ್ರೆಶರ್ ಕುಕ್ಕರ್ ಬೇಕು, ದಿನದ ಅಡುಗೆಯ ಚಿಕ್ಕ ಕುಕ್ಕರ್ ಸಾಲದು. ಎಷ್ಟು ಹೊತ್ತು, ಎಷ್ಟು ಒತ್ತಡ ಎಂಬುದನ್ನು ತಿಳಿದವರಿಂದ ಕಲಿತೇ ಮಾಡಿ. ಅದು ಆಗದಿದ್ದರೆ ಒಣಗಿಸಿ, ವಿನೆಗರ್ ಹಾಕಿ ಉಪ್ಪಿನಕಾಯಿ ಮಾಡಿ, ಫ್ರೀಜರ್‌ನಲ್ಲಿಡಿ, ಇಲ್ಲವೇ ಕೊಯ್ದ ದಿನವೇ ನೆರೆಮನೆಗೆ ಹಂಚಿ ಉಣ್ಣಿ. ಅನುಮಾನದ ಜಾಡಿಯನ್ನು ರುಚಿ ನೋಡಿ ಪರೀಕ್ಷಿಸಬೇಡಿ. ಮನೆಯಲ್ಲಿ ಯಾರಿಗಾದರೂ ಒಂದು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ, ನುಂಗಲು ಆಗದಿದ್ದರೆ, ನಗಬೇಡಿ, ನಾಳೆ ನೋಡೋಣ ಎನ್ನಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ, ಏನು ತಿಂದಿದ್ದರು ಎಂಬುದನ್ನು ವೈದ್ಯರಿಗೆ ಹೇಳಿ. ನಿಮ್ಮ ಮಗುವಿನ ತಟ್ಟೆಗೆ ಧೈರ್ಯವಾಗಿ ಹಾಕಲಾರದ್ದನ್ನು ಯಾರ ತಟ್ಟೆಗೂ ಹಾಕಬೇಡಿ.

ಬರ್ಲ್ ಮಾಮ ತೆರೆದ ಬಾಯಿ ಮುಚ್ಚಿದ. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. ಹೊರಗೆ ಬಂದವನು ಜಗಲಿಯ ಮೇಲಿದ್ದ ಸುರುಳಿಯಿಂದ ಒಂದು ಕಸದ ಚೀಲ ಹರಿದುಕೊಂಡ, ನಿಂತು ಯೋಚಿಸಿ ಇನ್ನೊಂದನ್ನೂ ಹರಿದುಕೊಂಡ. "ಮಾಮ, ಕೇಳಿದ್ದಕ್ಕೆ ಹೇಳಿ ಹೋಗಿ!" ಎಂದು ಎಸ್ಟಿಲ್ ಹಿಂದಿನಿಂದ ಕೂಗಿದ. ಅವನು ಚೀಲಗಳನ್ನು ಮಡಿಸಿ ಜೇಬಿಗೆ ತುರುಕಿಕೊಂಡು, ತಿರುಗಿ ನೋಡದೆ, ಹಿತ್ತಿಲ ಜೋಳದ ಸಾಲುಗಳ ನಡುವಿನ ಕಾಲುದಾರಿ ಹಿಡಿದು ತನ್ನ ಮನೆಯ ಕಡೆ ನಡೆದುಹೋದ.